ಎರಡೇ ನಿಮಿಷ: ಒಂದು ಪ್ರಮಾಣ ವಿಚಾರ

ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಶಾಸ್ತ್ರಕಾರರ ಕಟ್ಟಳೆ. ವಿಷಯ: ‘ಎರಡೇ ನಿಮಿಷ’ ಎಂಬ ಕಾಲಮಾನ. ಅಧಿಕಾರಿ: ಬೆಂಗಳೂರಿನ ಒಂದು ಮೂಲೆಯಲ್ಲಿ ಮನೆ, ಇನ್ನೊಂದು ಮೂಲೆಯಲ್ಲಿ ಕಚೇರಿ ಮಾಡಿಕೊಂಡು, ಮೊಬೈಲ್ ಹಿಡಿದು ರಸ್ತೆಬದಿ ನಿಂತಿರುವ ಯಾರಾದರೂ ಸರಿ. ಸಂಬಂಧ: ಇವರಿಗೂ ಈ ಕಾಲಮಾನಕ್ಕೂ ಇರುವುದು ಸಾಲ ಕೊಟ್ಟವನಿಗೂ ‘ನಾಳೆ’ಗೂ ಇರುವ ಸಂಬಂಧ. ಪ್ರಯೋಜನ: ಇಲ್ಲ.

ಮೊದಲು ಮಾನ ನಿರ್ಣಯ. ಪಂಚಾಂಗದ ಲೆಕ್ಕದಲ್ಲಿ ಘಳಿಗೆಗೆ 24 ನಿಮಿಷ, ವಿಘಳಿಗೆಗೆ 24 ಸೆಕೆಂಡು. ಆ ಪ್ರಕಾರ ಎರಡು ನಿಮಿಷವೆಂದರೆ ಸರಿಯಾಗಿ ಐದು ವಿಘಳಿಗೆ. ಗಣಿತ ಇಷ್ಟು ಚೊಕ್ಕವಾಗಿದ್ದರೂ ವ್ಯವಹಾರದಲ್ಲಿ ತಾಳೆಯಾಗುವುದಿಲ್ಲ. ಆಟೋದ ಎರಡು ನಿಮಿಷ ಒಂದು ಅಳತೆಯದ್ದು, ಗ್ರಾಹಕ ಸೇವಾ ಕೇಂದ್ರದ್ದು ಇನ್ನೊಂದು; ‘ಹುಡುಗ ಹೊರಟಿದಾನೆ ಸಾರ್’ ಎನ್ನುವ ಇಂಟರ್ನೆಟ್‌ನವರದ್ದು ಯುಗಮಾನಕ್ಕೆ ಸೇರಿದ್ದು. ಹಾಗೆಂದು ಹಳೆಯ ಮಾನ ಪೂರ್ತಿ ಸತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಂದರೆ ಘಳಿಗೆಗೊಂದು, ಮೇಲೊಂದು ನಿಮಿಷ ಕೊಸರು. ಪಂಚಾಂಗಕರ್ತರು ಹೆಮ್ಮೆಪಡಬೇಕಾದ ಸಂಗತಿ. ಆದರೆ ರಾಹುಕಾಲದಲ್ಲಿ ಅವರು ತಿದ್ದುಪಡಿ ತರಲೇಬೇಕು. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು ಎಂದು ಬರೆದಿರುವುದು ಸಿಲ್ಕ್ ಬೋರ್ಡ್ ಜಂಕ್ಷನ್ ಮಟ್ಟಿಗೆ ನಿರ್ವಿವಾದ. ಮಂಗಳವಾರ ಅದು ಮಧ್ಯಾಹ್ನ ಮೂರಕ್ಕೆ ಹೋಗುತ್ತದೆ ಎನ್ನುವುದು ಹೊಸೂರು ರಸ್ತೆ ನೋಡದವರ ಮಾತು.

ಇನ್ನು ಪ್ರಮಾಣಗಳು. ಎರಡು ನಿಮಿಷದಲ್ಲಿ ಬರುತ್ತದೆ ಎಂದು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಆರನ್ನೂ ಬಳಸಿ ಬಸ್ ಸ್ಟಾಪಿನಲ್ಲೇ ಉಳಿದವರಿದ್ದಾರೆ.

ಕಣ್ಣಾರೆ ಕಂಡದ್ದು ನಿಜ ಎಂಬುದು ಪ್ರತ್ಯಕ್ಷವಾದಿಗಳ ಪೂರ್ವಪಕ್ಷ. ಫೋನಿನ ನಕಾಶೆಯಲ್ಲಿ ಪುಟ್ಟ ಆಟೋ ಕಾಣುತ್ತದೆ, ಪಕ್ಕದಲ್ಲೇ ‘2 ನಿಮಿಷ’ ಎಂದಿದೆ. ಅದು ಅಡ್ಡರಸ್ತೆಯಲ್ಲಿ ಮೂತಿ ತಿರುಗಿಸುತ್ತದೆ, ಯಾರದೋ ಮನೆಗಳ ಮೇಲೇ ಹಾದುಬರುತ್ತದೆ, ಆಮೇಲೆ ಮೊದಲಿದ್ದಲ್ಲೇ ನಿಂತುಬಿಡುತ್ತದೆ. ಆಗ ಜಿಜ್ಞಾಸುವು ಫೋನ್ ಮಾಡತಕ್ಕದ್ದು.

“ಅಣ್ಣ, ಎಲ್ಲಿದೀರ?”

“ಇಲ್ಲೇ ಸಾರ್, ಸಿಗ್ನಲ್‌ನಲ್ಲಿ. ಎರಡೇ ನಿಮಿಷ. ಡ್ರಾಪ್ ಎಲ್ಲಿಗೆ?”

“ಬನಶಂಕರಿ.”

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಯಾರೋ “ಒಂದು ಬೈ ಟೂ ಕಾಫಿ” ಎಂದು ಕೂಗುತ್ತಾರೆ.

“ಕ್ಯಾಶಾ, ಆನ್‌ಲೈನಾ?”

“ಯಾವುದಾದರೂ ಸರಿ ಅಣ್ಣ.”

“ಗ್ಯಾಸ್ ಖಾಲಿ ಆಗಿದೆ ಸಾರ್. ನೀವೇ ಕ್ಯಾನ್ಸಲ್ ಮಾಡ್ಬಿಡಿ.”

ಇಲ್ಲಿ ಅನುಮಾನ ಪ್ರಮಾಣ ತಾನಾಗಿಯೇ ಒದಗಿಬಂತು. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಹಳೆಯವರ ಪದ್ಧತಿ. ಎಲ್ಲೆಲ್ಲಿ ಬೈ ಟೂ ಅಲ್ಲಲ್ಲಿ ದರ್ಶಿನಿ ಎಂಬುದು ನಮ್ಮೂರಿನ ವ್ಯಾಪ್ತಿ; ಆದ್ದರಿಂದ ಅದು ಸಿಗ್ನಲ್ ಅಲ್ಲ. ಆದರೂ ಚಾಲಕರ ಪರವಾಗಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ನಕಾಶೆಯ ಪಕ್ಕದಲ್ಲಿ ‘2 ನಿಮಿಷ’ ಎಂದು ಬರೆದವರು ಅವರಲ್ಲ. ಬರೆದದ್ದಕ್ಕೆ ಟ್ರಾಫಿಕ್ಕೂ ಇಲ್ಲ, ಕಾಫಿಯ ಚಟವೂ ಇಲ್ಲ. ಸುಳ್ಳನ್ನು ಮೊದಲು ಹೇಳಿದ್ದು ಯಂತ್ರ. ಅವರು ಅದನ್ನು ಬಾಯಲ್ಲಿ ನುಡಿದರಷ್ಟೆ.

ಉಪಮಾನ: ಹಸುವಿನಂತಿರುವುದೇ ಗವಯ ಎಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸಿದನಂತೆ. ‘ಪೆಟ್ರೋಲ್ ಬಂಕ್ ಹಿಂದೆ ನೀಲಿ ಗೇಟು’ ಎಂದು ಕೇಳಿದ ಡೆಲಿವರಿ ಹುಡುಗ ಬೀದಿಯ ನೀಲಿ ಗೇಟುಗಳನ್ನೆಲ್ಲ ಬಡಿಯುತ್ತಾನೆ. ಮುಂದಕ್ಕೆ ಹೋಗೋಣ.

ಅರ್ಥಾಪತ್ತಿಗೆ ದಪ್ಪ ದೇವದತ್ತನೇ ದೃಷ್ಟಾಂತ. ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದಕಾರಣ ರಾತ್ರಿ ಉಣ್ಣುತ್ತಾನೆ. ನವ್ಯ ದೇವದತ್ತ ನಮ್ಮ ಬುಕಿಂಗ್ ಒಪ್ಪಿಕೊಂಡಿದ್ದಾನೆ, ಆದರೂ ದೂರದೂರ ಹೋಗುತ್ತಿದ್ದಾನೆ, ಆದಕಾರಣ ಇನ್ನೊಂದು ಆ್ಯಪ್‌ನಲ್ಲಿ ಬೇರೊಬ್ಬರನ್ನು ಕೂರಿಸಿಕೊಂಡಿದ್ದಾನೆ. ಕಾಣದ್ದರಿಂದಲೇ ‘ಇಲ್ಲ’ ಎಂದು ತಿಳಿಯುವ ಅನುಪಲಬ್ಧಿಯ ಅಭ್ಯಾಸ ಬಸ್ ಸ್ಟಾಪಿನಲ್ಲಿ ಆಗಬೇಕು. ಜಾಡು ತೋರಿಸುವ ಆ್ಯಪ್ ಪ್ರಕಾರ ಬಸ್ಸು ಈಗ ಇದೇ ಸ್ಟಾಪಿಗೆ ಬಂತು, ನಿಂತಿತು, ಹೊರಟೂ ಹೋಯಿತು. ರಸ್ತೆಯಲ್ಲಿ ಕಂಡದ್ದು ಎಳನೀರಿನ ಗಾಡಿ.

ಆರರಲ್ಲಿ ಬಲಿಷ್ಠವಾದದ್ದು ಶಬ್ದಪ್ರಮಾಣ, ಅದಕ್ಕೆಂದೇ ಕೊನೆಗಿಟ್ಟದ್ದು. ವೇದ ಅಪೌರುಷೇಯ, ಹೇಳಿದವರು ಯಾರೂ ಇಲ್ಲದ್ದರಿಂದ ಹೇಳಿದವರ ದೋಷ ಅದಕ್ಕೆ ಅಂಟದು ಎಂದು ಮೀಮಾಂಸಕರು ವಾದಿಸಿದರು. ‘ನಿಮ್ಮ ಕರೆ ನಮಗೆ ಅತ್ಯಮೂಲ್ಯ’ ಎಂಬ ವಾಕ್ಯವೂ ಅಪೌರುಷೇಯವೇ. ಅದಕ್ಕೆ ಕರ್ತೃವಿಲ್ಲ, ಆದ್ದರಿಂದ ಹೊಣೆಗಾರನೂ ಇಲ್ಲ. ಅದರ ಬೆನ್ನಿಗೆ ವಿಧಿವಾಕ್ಯಗಳು: ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಹತ್ತಂಕಿಯ ಸಂಖ್ಯೆ ನಮೂದಿಸಿ ಹ್ಯಾಶ್ ಒತ್ತಿ. ಒಂದು ಗುಂಡಿ ತಪ್ಪಿದರೆ ಸಂಕಲ್ಪದಿಂದ ಮತ್ತೆ ಶುರು. ಕನ್ನಡದ ಗುಂಡಿಯನ್ನೇ ಒತ್ತಿ ಕಾದವರಿಗೆ ಕೊನೆಯಲ್ಲಿ ‘ಹಾಂ ಜೀ, ಬತಾಯಿಯೇ’ ಎಂದು ದೈವವಾಣಿಯಾಗುವುದೂ ಉಂಟು.

ಪ್ರಬಂಧಕಾರನ ಮನೆಯ ಮೋಡೆಮ್ಮಿನಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗತೊಡಗಿತು. ಫೈಬರ್‌ನಲ್ಲಿ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ಅರ್ಥ ಹುಡುಕುವ ಕಷ್ಟವೂ ಇರಲಿಲ್ಲ. ಕೊಂಬೆ ಕಡಿಯಲು ಬಂದವರು ಜೊತೆಗೇ ಕಡಿದುಹೋದ ಕೇಬಲ್ಲು ಎದುರಿನ ಹೊಂಗೆಮರದಿಂದ ಜೋತಾಡುವುದು ಕಿಟಕಿಯಿಂದಲೇ ಕಾಣುತ್ತಿತ್ತು.

“ಸಾರ್, ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ.”

“ಆಗಲೇ ಮಾಡಿದೆನಮ್ಮ. ಕೇಬಲ್ಲೇ ತುಂಡಾಗಿದೆ.”

“ನಾನು ಹೇಳಿದ್ಮೇಲೆ ಒಂದ್ಸಲ ಮಾಡಿ ಸಾರ್.”

ಪುರೋಹಿತರಿಲ್ಲದೆ ಮಾಡಿದ ಕರ್ಮಕ್ಕೆ ಫಲವಿಲ್ಲ. ಆಫ್ ಮಾಡಿದೆ, ಆನ್ ಮಾಡಿದೆ. ಮರದಲ್ಲಿ ಕೇಬಲ್ಲು ಹಾಗೇ ತೂಗುತ್ತಿತ್ತು. “ಎರಡೇ ನಿಮಿಷ ಲೈನಲ್ಲಿರಿ” ಎಂದ ಆಕೆ ಸಂಗೀತವೊಂದನ್ನು ಬಿಟ್ಟು ಅಂತರ್ಧಾನರಾದರು. ಸಂಜೆ ಸಂದೇಶ ಬಂತು: ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ, ಕೆಳಗಿನ ಲಿಂಕ್ ತೆರೆದು ಐದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ತಿಳಿಸಿ. ಲಿಂಕ್ ತೆರೆಯಲು ಇಂಟರ್ನೆಟ್ ಬೇಕು.

ಪಾಶ್ಚಾತ್ಯರಲ್ಲೂ ಈ ಶಾಸ್ತ್ರ ಉಂಟು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಮೇಲೆ ಪ್ರಬಂಧ ಬರೆದು ಸರದಿಯ ಗಣಿತಕ್ಕೆ ತಳಪಾಯ ಹಾಕಿದ. ಇಷ್ಟು ಜನ ಕರೆ ಮಾಡಿದರೆ ಎತ್ತಲು ಎಷ್ಟು ಜನ ಬೇಕು ಎಂದು ಅವನ ಸೂತ್ರದಿಂದ ಇಂದಿಗೂ ಲೆಕ್ಕ ಹಾಕುತ್ತಾರೆ. ಕಾಯುವಿಕೆಯ ಆ ಸೂತ್ರದಲ್ಲಿ ಒಂದು ಊಹೆಯಿದೆ: ಕರೆ ಮಾಡಿದವನು ಎಷ್ಟು ಹೊತ್ತಾದರೂ ಫೋನ್ ಇಡುವುದಿಲ್ಲ. ಡೆನ್ಮಾರ್ಕಿನಲ್ಲಿ ಕೂತು ನಮ್ಮನ್ನು ಇಷ್ಟು ಸರಿಯಾಗಿ ಅರಿತದ್ದು ಹೇಗೋ. ನಮ್ಮ ಟ್ರಾಯ್‌ನವರೂ ಟೆಲಿಕಾಂ ಕಂಪನಿಗಳಿಗೆ ಮನುಷ್ಯರ ದನಿ ಕೇಳಿಸಲು 90 ಸೆಕೆಂಡಿನ ಮಾನದಂಡ ಹಾಕಿದ್ದಾರೆ; ಅಂದರೆ ಎರಡು ನಿಮಿಷಕ್ಕೂ ಕಡಿಮೆ. ಆ 90 ಸೆಕೆಂಡು ಮೊದಲ ರಿಂಗಿನಿಂದಲೋ, ಸರಿಯಾದ ಗುಂಡಿ ಸಿಕ್ಕ ಕ್ಷಣದಿಂದಲೋ ಎಂಬಲ್ಲಿ ವ್ಯಾಖ್ಯಾನಕಾರರಿಗೆ ಕೈತುಂಬ ಕೆಲಸವಿದೆ.

ಈಗ ಸಿದ್ಧಾಂತ. ಕಾಯುವಿಕೆಗೆ ಬೆಲೆ ಕಟ್ಟಿದ ಗ್ರಂಥ ನಮ್ಮಲ್ಲಿ ಒಂದೇ ಒಂದು, ಅದು ಬೆಂಗಳೂರಿನ ಆಟೋ ದರಪಟ್ಟಿ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಕಾಯಿಸಿದರೆ ಮೊದಲ ಐದು ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಆಟೋ ಕಾದರೆ ಹಣ, ಆಟೋಗಾಗಿ ಕಾದರೆ ಇಲ್ಲ ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರವಿಲ್ಲ. ಆದ್ದರಿಂದ ಗ್ರಾಹಕರೆಲ್ಲರೂ ಸೊಂಟಕ್ಕೆ ಮೀಟರು ಕಟ್ಟಿಕೊಳ್ಳತಕ್ಕದ್ದು. “ಎರಡೇ ನಿಮಿಷ” ಎಂಬ ಶಬ್ದ ಕಿವಿಗೆ ಬಿದ್ದೊಡನೆ ಅದನ್ನು ಕೆಳಗೆ ತಿರುಗಿಸತಕ್ಕದ್ದು. ಐದು ನಿಮಿಷ ಧರ್ಮಕ್ಕೆ, ಮಿಕ್ಕದ್ದು ಲೆಕ್ಕಕ್ಕೆ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಮಳೆ ಬರುತ್ತಿದ್ದರೆ ಮೀಟರ್ ಮೇಲೆ ಇಪ್ಪತ್ತು, ಚಿಲ್ಲರೆ ಅವರೇ ತರಬೇಕು.