ನೊರೆಯ ಸಹವಾಸವೇ ಬೇಡ

ಬೆಳಿಗ್ಗೆ ಆರೂವರೆಗೆ ಕಾಂಪೌಂಡಿನ ಆ ಕಡೆ ರಾಯರು, ಈ ಕಡೆ ನಾನು. ರಾಯರ ಬಾಯಲ್ಲಿ ಬ್ರಷ್ಷು, ಬ್ರಷ್ಷಿನ ಸುತ್ತ ನೊರೆ, ನೊರೆಯ ನಡುವೆ ಮಾತು. ಹಲ್ಲುಜ್ಜುತ್ತ ಮಾತಾಡುವವರ ಕನ್ನಡದಲ್ಲಿ ವ್ಯಂಜನಗಳಿರುವುದಿಲ್ಲ. "ಆಉ ಅಂಆ?" ಅಂದರೆ "ಹಾಲು ಬಂತಾ?" ಇಪ್ಪತ್ತು ವರ್ಷ ಅಕ್ಕಪಕ್ಕ ಇದ್ದು ಇಷ್ಟು ಭಾಷೆ ಕಲಿತಿದ್ದೇನೆ.

ಒಂದು ದಿನ ಮಾತ್ರ ಅವರು ನೊರೆ ಉಗುಳಿ, ಬಾಯಿ ತೊಳೆದುಕೊಂಡೇ ಗೋಡೆ ಹತ್ತಿರ ಬಂದರು. ವಿಷಯ ಗಂಭೀರ ಅಂತ ಅರ್ಥ.

"ಮೇಷ್ಟ್ರೇ, ನಮ್ಮ ಮೊಮ್ಮಗ ಮೋಸ ಮಾಡ್ತಿದ್ದಾನೆ."

"ಎಂಟು ವರ್ಷದ ಹುಡುಗ ಏನು ಮೋಸ ಮಾಡ್ತಾನೆ ರಾಯರೇ?"

"ಬ್ರಷ್ಷನ್ನ ನಲ್ಲಿ ಕೆಳಗೆ ಒದ್ದೆ ಮಾಡಿ, ಲೋಟದಲ್ಲಿಟ್ಟು ಬಂದುಬಿಡ್ತಾನೆ. ಮೂರು ತಿಂಗಳಾದರೂ ಟ್ಯೂಬು ಖಾಲಿಯಾಗಲಿಲ್ಲ ಅಂತ ಸೊಸೆ ಪತ್ತೆ ಹಚ್ಚಿದಳು. ಬಲವಂತ ಮಾಡಿದರೆ ಓಕರಿಸ್ತಾನೆ. ಕೇಳಿದರೆ, ‘ಅದು ಬಾಯೊಳಗೆ ಬೆಳೆಯುತ್ತೆ ತಾತಾ’ ಅಂತಾನೆ!"

ನಾನು ನಗಲಿಲ್ಲ. ನನ್ನ ಕಷ್ಟವನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಮೂವತ್ತು ವರ್ಷದಿಂದ ನಾನು ಹಲ್ಲುಪುಡಿಯ ಗಿರಾಕಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರಲ್ಲ, ಅಲ್ಲಿಯ ಪುಡಿ. ಸ್ಟಾಫ್ ರೂಮಿನಲ್ಲಿ ನನಗೆ ‘ಸ್ವದೇಶಿ ಮೇಷ್ಟ್ರು’ ಅಂತಲೇ ಹೆಸರು ಬಿದ್ದಿತ್ತು. ಆಗಸ್ಟ್ ಹದಿನೈದರ ಭಾಷಣಕ್ಕೆ ನನ್ನನ್ನೇ ನಿಲ್ಲಿಸುತ್ತಿದ್ದರು. ನಿಜ ಸಂಗತಿ ಅಂದರೆ, ನನಗೆ ನೊರೆ ಆಗುವುದಿಲ್ಲ. ಬಾಯಿ ತುಂಬ ಅದು ಉಬ್ಬುತ್ತ ಬಂದರೆ ಹೊಟ್ಟೆಯೊಳಗಿನದೆಲ್ಲ ಮೇಲಕ್ಕೆ ಬರುತ್ತದೆ. ದೇಶಪ್ರೇಮದ ಹೆಸರಿನಲ್ಲಿ ಮಾನ ಉಳಿಸಿಕೊಂಡೆ, ಅಷ್ಟೆ.

"ರಾಯರೇ, ನಿಮಗೆ ಹಾಲಿನ ಕೆನೆ ಆಗುತ್ತಾ?"

"ಥೂ, ತುಟಿಗೆ ತಗುಲಿದರೆ ಲೋಟಾನೇ ಇಟ್ಟುಬಿಡ್ತೀನಿ."

"ನಿಮ್ಮ ಮನೆಯವರಿಗೆ ಬೆಂಡೆಕಾಯಿ ಲೋಳೆ?"

"ಅವಳ ಎದುರಿಗೆ ಹೆಚ್ಚೋ ಹಾಗೂ ಇಲ್ಲ."

"ಮತ್ತೆ ಹುಡುಗನದು ಮಾತ್ರ ಮೋಸ ಹೇಗಾಗುತ್ತೆ?"

ಕ್ಲಾಸಿನಲ್ಲಿ ಸೀಮೆಸುಣ್ಣ ಕಿರ್ರೆಂದರೆ ಕೆಲವರು ನಗುತ್ತಿದ್ದರು, ಕೆಲವರು ಕಿವಿ ಮುಚ್ಚಿಕೊಂಡು ಮುದುಡುತ್ತಿದ್ದರು. ಸದ್ದು ಒಂದೇ, ಹಲ್ಲು ಜುಮ್ಮೆನ್ನುವುದು ಕೆಲವರಿಗೆ. ನಾಲಿಗೆಯದೂ ಅದೇ ಕಥೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಇದು ಇನ್ನೂ ಜೋರು. ಆಟಿಸಂ ಇಲ್ಲದವರಿಗೂ ಇರುತ್ತದೆ, ನನ್ನ ಹಾಗೆ.

ರಾಯರು ಒಳಗೆ ಹೋಗಿ ಟ್ಯೂಬು, ಕನ್ನಡಕ ಎರಡನ್ನೂ ತಂದರು. ಸಾಬೂನು ಕಾರ್ಖಾನೆಯ ಲ್ಯಾಬಿನಲ್ಲಿದ್ದು ರಿಟೈರಾದವರು. ಹಿಂಬದಿಯ ಇರುವೆ ಅಕ್ಷರ ಓದುತ್ತ ಅವರ ಮುಖ ಅರಳಿತು.

"ಸೋಡಿಯಂ ಲಾರಿಲ್ ಸಲ್ಫೇಟ್! ಇದು ನಮ್ಮವನೇ ಸ್ವಾಮೀ. ಶಾಂಪೂಗೂ ಇದನ್ನೇ ಹಾಕೋದು. ಪೇಸ್ಟನ್ನ ಬಾಯಿ ತುಂಬ ಹರಡುತ್ತೆ, ಕ್ಲೀನಾಯ್ತು ಅನ್ನೋ ಸಮಾಧಾನ ಕೊಡುತ್ತೆ. ಕೊಳೆ ತೆಗೆಯೋದು ಮುಖ್ಯವಾಗಿ ಬ್ರಷ್ಷು, ಹುಳುಕು ತಡೆಯೋದು ಫ್ಲೋರೈಡು."

ಹಲ್ಲುಜ್ಜಿದ ಕೂಡಲೇ ಕಿತ್ತಳೆ ತಿಂದರೆ ಕಹಿಯಾಗುತ್ತಲ್ಲ, ಅದೂ ಈ ಮಹಾಶಯನ ಕೆಲಸವೇ. ನಾಲಿಗೆಯ ಸಿಹಿಯನ್ನು ಮಂಕು ಮಾಡಿ ಕಹಿಯನ್ನು ಎಬ್ಬಿಸುತ್ತಾನೆ.

ಅವತ್ತು ಇಬ್ಬರೂ ಸೇರಿ ಒಂದು ಲೆಕ್ಕ ಹಾಕಿದೆವು. ‘ಒಳ್ಳೇ ಪೇಸ್ಟು ಯಾವುದು’ ಅಂತ ಕೇಳಿ ಪ್ರಯೋಜನವಿಲ್ಲ, ‘ನಿನ್ನ ವೈರಿ ಯಾರು’ ಅಂತ ಕೇಳಬೇಕು. ನೊರೆಯೋ? ಆ ಲಾರಿಲ್ ಸಲ್ಫೇಟ್ ಇಲ್ಲದ್ದು ಸಿಗುತ್ತದೆ. ಅದರಲ್ಲೂ ಬೇರೆ ನೊರೆ ಸಾಮಾನು ಇರಬಹುದು, ಬಾಯಿಗಿಟ್ಟೇ ನೋಡಬೇಕು. ಖಾರವೋ? ಮಕ್ಕಳು ‘ಖಾರ’ ಅನ್ನುವುದು ಪುದೀನದ ಮೆಂಥಾಲ್‌ಗೆ. ತಣ್ಣಗಿಲ್ಲದಿದ್ದರೂ ತಣ್ಣಗಿದೆ ಅಂತ ನರವನ್ನು ನಂಬಿಸುವ ವಸ್ತು ಅದು. ಪುದೀನವಿಲ್ಲದ್ದು, ಯಾವ ರುಚಿಯೂ ಇಲ್ಲದ್ದು ಎರಡೂ ಉಂಟು. ಗರಗರವೋ? ಬಿಳಿ ಪೇಸ್ಟಿನಲ್ಲಿ ಅನೇಕ ಸಲ ಇರುವುದು ಸುಣ್ಣಕಲ್ಲಿನ ಜಾತಿಯ ಪುಡಿ. ಅದಾಗದವರು ಜೆಲ್ ನೋಡಬಹುದು. ಆದರೆ ಬೆಂಡೆಕಾಯಿ ಲೋಳೆಗೆ ಮುಖ ಸಿಂಡರಿಸುವವರಿಗೆ ಜೆಲ್ ಹಿಡಿಸುವುದು ಕಷ್ಟ.

ಸೊಸೆ ಹುಡುಗನನ್ನು ದಂತವೈದ್ಯರ ಹತ್ತಿರ, ಆಮೇಲೆ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಮೊದಲ ವಾರ ಬರೀ ನೀರಿನ ಬ್ರಷ್ಷು. ಆಮೇಲೆ ಅಕ್ಕಿಕಾಳಿನಷ್ಟು ಪೇಸ್ಟು, ಒಗ್ಗಿದ ಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನುದ್ದಕ್ಕೂ ಅಲೆಯ ಹಾಗೆ ಹಿಂಡುತ್ತಾರಲ್ಲ, ಅದು ಮಾರುವವರ ಅಳತೆ. ಆರು ವರ್ಷದೊಳಗಿನವರಿಗೆ ಬಟಾಣಿಯಷ್ಟು, ಮೂರರೊಳಗಿನವರಿಗೆ ಅಕ್ಕಿಕಾಳಿನಷ್ಟು ಸಾಕು ಅಂತ ವೈದ್ಯರ ಮಾತು.

ಒಂದು ಎಚ್ಚರಿಕೆಯನ್ನೂ ಕೊಟ್ಟರಂತೆ. ಮೆದುವಾಗಿದೆ, ನೈಸರ್ಗಿಕವಾಗಿದೆ ಅಂತ ತಂದ ಪೇಸ್ಟಿನಲ್ಲಿ ಫ್ಲೋರೈಡೇ ಇಲ್ಲದಿರಬಹುದು, ಡಬ್ಬಿ ಓದಿ ಅಂತ. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡು 1000 ಪಿಪಿಎಂ ಮೀರಬಾರದೆಂದು ನಿಯಮವಿದೆ. ಪಾವಗಡದ ಕಡೆಯ ಹಾಗೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನನಗೂ ಬುದ್ಧಿವಾದ ತಪ್ಪಲಿಲ್ಲ. ಬೆರಳಲ್ಲಿ ಉಜ್ಜಿದರೆ ಹಲ್ಲಿನ ಸಂದಿ ತಲುಪೋಲ್ಲ ಅಂದರು ನನ್ನ ದಂತವೈದ್ಯರು. ಅರವತ್ತೆಂಟನೇ ವಯಸ್ಸಿಗೆ ನೊರೆಯಿಲ್ಲದ, ರುಚಿಯಿಲ್ಲದ ಪೇಸ್ಟು ಹಿಡಿದಿದ್ದೇನೆ, ಹುಡುಗನದೇ ಬ್ರ್ಯಾಂಡು. ಈಗ ಬೆಳಿಗ್ಗೆ ಕಾಂಪೌಂಡಿನ ಹತ್ತಿರ ಅವನೂ ನಿಲ್ಲುತ್ತಾನೆ. ಬ್ರಷ್ಷು ಬಾಯಲ್ಲಿದ್ದರೂ ನಮ್ಮಿಬ್ಬರ ವ್ಯಂಜನಗಳು ಅಷ್ಟಿಷ್ಟು ಕೇಳಿಸುತ್ತವೆ. ರಾಯರು ಮಾತ್ರ ಇನ್ನೂ "ಆಉ ಅಂಆ?"

ನಿಮ್ಮ ಮನೆಯಲ್ಲೂ ಬ್ರಷ್ಷು ಒದ್ದೆ ಮಾಡಿ ಓಡಿಬರುವ ಮಗುವಿದ್ದರೆ, ಬೈಯುವ ಮುಂಚೆ ಆ ಪೇಸ್ಟನ್ನು ಒಮ್ಮೆ ನೀವೇ ಬಾಯಿಗಿಟ್ಟು ನೋಡಿ. ಆಮೇಲೆ ಮಗುವನ್ನೇ ಕೇಳಿ: ನೊರೆಯೋ, ಖಾರವೋ, ಗರಗರವೋ, ಲೋಳೆಯೋ? ಅದಕ್ಕೆ ಉತ್ತರ ಗೊತ್ತಿರುತ್ತದೆ.