ನೋಡೋಕೆ ಏನಿದೆ? ಬೇಲೂರಿದೆ!

ಬೆಂಗಳೂರಿನಿಂದ ಭಾಮೈದ ಫೋನ್ ಮಾಡಿದ. "ಭಾವ, ಶನಿವಾರ ನಿಮ್ಮೂರಿಗೆ ಬರ್ತಿದೀವಿ. ಅರಸೀಕೆರೆಲಿ ನೋಡೋಕೆ ಏನೇನಿದೆ?"

ಈ ಪ್ರಶ್ನೆಗೆ ಅರಸೀಕೆರೆಯವನು ಯೋಚಿಸುವ ಪದ್ಧತಿಯಿಲ್ಲ. "ಬೇಲೂರು, ಹಳೇಬೀಡು" ಎಂದೆ. ನಿಮ್ಮನೇಲಿ ಊಟಕ್ಕೇನು ಅಂದರೆ ಪಕ್ಕದ ಮನೆಯ ಹೋಳಿಗೆ ವರ್ಣಿಸುವ ಜಾತಿ ನಮ್ಮದು.

ತಪ್ಪು ಪೂರ್ತಿ ನಮ್ಮದೂ ಅಲ್ಲ. ನಮ್ಮದು ಜಂಕ್ಷನ್ನು. ಹುಬ್ಬಳ್ಳಿಗೆ ಹೋಗುವವರು ಇಲ್ಲಿ ಹಾಯುತ್ತಾರೆ, ಹಾಸನ-ಮೈಸೂರಿನವರು ಇಲ್ಲಿ ಹೊರಳುತ್ತಾರೆ. ಎಲ್ಲರೂ ಇಲ್ಲಿಗೆ ಬರುತ್ತಾರೆ, ಇಲ್ಲಿಗೆ ಅಂತ ಯಾರೂ ಬರುವುದಿಲ್ಲ. ಅರ್ಧ ಕರ್ನಾಟಕ ಅರಸೀಕೆರೆಯನ್ನು ಕಂಡಿದೆ, ಕಿಟಕಿಯ ಸರಳಿನ ಸಂದಿಯಿಂದ. ಅವರ ಪಾಲಿಗೆ ನಮ್ಮೂರೆಂದರೆ ಒಂದು ಹಳದಿ ಬೋರ್ಡು, ಒಂದು ನಲ್ಲಿ, ಒಂದು ಪೊಟ್ಟಣ ಇಡ್ಲಿ-ವಡೆ. ಚಟ್ನಿ ಚೆಲ್ಲಿದವರಿಗೆ ಮಾತ್ರ ಊರು ಸ್ವಲ್ಪ ಜಾಸ್ತಿ ನೆನಪಿರುತ್ತದೆ.

ಹೆಸರು ನೋಡಿದರೆ ಅರಸಿಯ ಕೆರೆ. ಹೊಯ್ಸಳರ ಕಾಲದ ರಾಣಿಯೊಬ್ಬಳು ಕೆರೆ ಕಟ್ಟಿಸಿದಳು ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ಊರಿನ ಹೆಸರಲ್ಲಿ ಆಕೆಯ ಹುದ್ದೆಯಷ್ಟೇ ಉಳಿಯಿತು, ಹೆಸರು ಉಳಿಯಲಿಲ್ಲ. ಈಗಿನವರಾಗಿದ್ದರೆ ಕೆರೆಗೆ ನೀರು ಬರುವ ಮೊದಲೇ ಏರಿಯ ಮೇಲೆ ಕಪ್ಪು ಗ್ರಾನೈಟಿನ ಫಲಕ ಬರುತ್ತಿತ್ತು. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಕೊನೆಗೆ ಜಾಗ ಉಳಿದರೆ ಕೆರೆ.

ಶನಿವಾರ ಭಾಮೈದನ ಸಂಸಾರ ರೈಲಿಳಿಯಿತು. ಸ್ಟೇಷನ್ ಮುಂದೆಯೇ ಬಾಡಿಗೆ ಕಾರು. ಮೊಬೈಲಿನಲ್ಲಿ ವೇಳಾಪಟ್ಟಿ ಸಿದ್ಧವಿತ್ತು: ಹಳೇಬೀಡು 45 ನಿಮಿಷ, ಬೇಲೂರು ಒಂದು ಗಂಟೆ, ಊಟ ಅರ್ಧ ಗಂಟೆ. ಬಾಣಾವರ ದಾಟಿ ಜಾವಗಲ್ಲಿಗೆ ಬಂದಾಗ "ನಿಲ್ಸಿ, ನಿಲ್ಸಿ" ಎಂದು ಕೂಗಿದ. ಹೊಯ್ಸಳರ ಲಕ್ಷ್ಮೀನರಸಿಂಹನ ಗುಡಿ ನೋಡುವ ಆಸೆಯಿರಬೇಕು ಎಂದು ನಾನೂ ಉಬ್ಬಿ ಇಳಿದೆ. ಅವನು ಊರಿನ ಬೋರ್ಡಿನ ಕೆಳಗೆ ನಿಂತು ಬೌಲಿಂಗ್ ಮಾಡುವ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡ. ನರಸಿಂಹ ವಿಕೆಟ್ ತೆಗೆದಿಲ್ಲವಲ್ಲ.

ಹಳೇಬೀಡಿನ ಗುಡಿಯ ಕೆಲಸ ಶುರುವಾದದ್ದು 1121ರ ಹೊತ್ತಿಗೆ. ತಲೆಮಾರುಗಟ್ಟಲೆ ಕೆತ್ತಿದ ಗೋಡೆಯನ್ನು ಭಾಮೈದ ನಲವತ್ತೇ ನಿಮಿಷದಲ್ಲಿ ಮುಗಿಸಿ ಐದು ನಿಮಿಷ ಉಳಿಸಿದ. ಕಣ್ಣು ಒಂದು ಶಿಲ್ಪವನ್ನೂ ನೋಡಲಿಲ್ಲ, ಫೋನು ಒಂದನ್ನೂ ಬಿಡಲಿಲ್ಲ. "ಯುನೆಸ್ಕೊ ಭಾವ, ಸುಮ್ನೆ ಅಲ್ಲ" ಎಂದು ನನಗೇ ತಿಳಿಹೇಳಿದ. ನಿಜ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಕಲ್ಲಿಗೂ ಐಎಸ್‌ಐ ಮಾರ್ಕು ಬಿದ್ದಂತಾಗಿದೆ. ಈಗ ಗುಡಿ ಹೇಗಿದೆ ಎಂದು ಯಾರೂ ಕೇಳುವುದಿಲ್ಲ, ಪಟ್ಟಿಯಲ್ಲಿದೆಯಾ ಎಂದು ಕೇಳುತ್ತಾರೆ.

ಸಂಜೆ ಅರಸೀಕೆರೆಗೆ ವಾಪಸ್ಸಾದರೆ ರೈಲು ಎರಡು ಗಂಟೆ ತಡ. ನಮ್ಮೂರಿಗೆ ಪ್ರವಾಸಿಗರನ್ನು ಒದಗಿಸುವ ಏಕೈಕ ಇಲಾಖೆ ಇದೇ. ಅವಕಾಶ ಬಿಡಬಾರದೆಂದು ಮಾಲೇಕಲ್ಲು ತಿರುಪತಿ ಬೆಟ್ಟ ತೋರಿಸಿದೆ. ಸಾವಿರಕ್ಕೂ ಮಿಕ್ಕಿ ಮೆಟ್ಟಿಲು ಎಂದ ತಕ್ಷಣ ಅವನಿಗೆ ಮಂಡಿನೋವು ನೆನಪಾಯಿತು. ಹಾರನಹಳ್ಳಿಯಲ್ಲಿ ಎರಡು ಹೊಯ್ಸಳ ಗುಡಿಗಳಿವೆ ಎಂದೆ. "ಆಗ್ಲೇ ಎರಡು ನೋಡಿದ್ವಲ್ಲ ಭಾವ" ಎಂದ. ಸರಿ, ಕೊಬ್ಬರಿಯನ್ನಾದರೂ ನೋಡು ಎಂದು ಮನೆಯ ಅಟ್ಟ ತೋರಿಸಿದೆ. ಕಾಯಿಗಳು ತಿಂಗಳುಗಟ್ಟಲೆ ಅಲ್ಲೇ ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವಾಗ ಉಂಡೆ ಕೊಬ್ಬರಿಯಾಗುತ್ತವೆ. ನಮ್ಮ ಸ್ಟೇಷನ್ನಿನಲ್ಲಿ ಲಿಂಕ್ ರೈಲಿಗೆ ಕಾಯುವವರೂ ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ ಪಕ್ವವಾಗುವುದು.

ಕೊನೆಗೆ ಆಟೊ ಹತ್ತಿಸಿ ಶಿವಾಲಯಕ್ಕೆ ಕರೆದೊಯ್ದೆ. 1220ರ ಸುಮಾರಿನದು, ವೀರಬಲ್ಲಾಳನ ಕಾಲದ್ದು. ಅದೇ ಸುಮಾರಿನಲ್ಲಿ ಅವನ ಮಂತ್ರಿ ರೇಚರಸ ಇದೇ ಊರಲ್ಲಿ ಸಹಸ್ರಕೂಟ ಜಿನಾಲಯವನ್ನೂ ಕಟ್ಟಿಸಿದ. ಶಿವಾಲಯದ ಗರ್ಭಗುಡಿಗೆ ನಕ್ಷತ್ರದ ತಳಪಾಯ. ಎದುರಿಗೆ ಗುಂಡಗಿನ ಮಂಟಪ, ಮೇಲೆ ಗುಮ್ಮಟದಂಥ ಒಳಮಾಡು. ಹೊಯ್ಸಳರ ಗುಡಿಗಳಲ್ಲೇ ಇಂಥದ್ದು ಅಪರೂಪ. ಸಾಲುಗಟ್ಟುವ ಜನವಿಲ್ಲ, ಬೆನ್ನು ಬೀಳುವ ಗೈಡಿಲ್ಲ. ಭಾಮೈದ ಮೊದಲ ಸಲ ಫೋನು ಜೇಬಿಗೆ ಹಾಕಿ ಕತ್ತೆತ್ತಿದ. ಕಂಬದ ಸುತ್ತ ಕೈಯಾಡಿಸಿದ. ಸುಮಾರು ಹೊತ್ತು ಮಾತೇ ಇಲ್ಲ.

"ಇದು ಯುನೆಸ್ಕೊ ಲಿಸ್ಟಲ್ಲಿದೆಯಾ?"

"ಇಲ್ಲ."

"ಮತ್ತೆ ಇಷ್ಟು ಚೆನ್ನಾಗಿದೆ?"

ಉತ್ತರಿಸಲು ಬಾಯಿ ತೆರೆದವನು, "ನೀವು ವಾರಕ್ಕೊಂದ್ಸಲ ಬರ್ತಿರಬೇಕು" ಎಂಬ ಮುಂದಿನ ಮಾತು ಕೇಳಿ ಮುಚ್ಚಿಕೊಂಡೆ. ನಾನು ಒಳಗೆ ಕಾಲಿಟ್ಟು ಎಷ್ಟು ವರ್ಷವಾಯಿತೋ ಲೆಕ್ಕವಿಲ್ಲ. ಶಾಲೆಯಲ್ಲಿ ಪ್ರವಾಸ ಹೋಗಿದ್ದೆವು. ಇದೇ ರಸ್ತೆಯಿಂದ ಬಸ್ಸು ಹೊರಟಿತ್ತು, ಬೇಲೂರಿಗೆ. ಹೊಯ್ಸಳರ ಬಗ್ಗೆ ಪ್ರಬಂಧ ಬರೆದು ಹತ್ತಕ್ಕೆ ಎಂಟು ತೆಗೆದುಕೊಂಡಿದ್ದೆ. ಅದರಲ್ಲಿ ಅರಸೀಕೆರೆ ಬಂದದ್ದು ಒಂದೇ ಕಡೆ: ಬಸ್ಸು ಹೊರಟ ಸ್ಥಳ.

ಪ್ಲಾಟ್‌ಫಾರ್ಮಿನಲ್ಲಿ ಕೂತು ಭಾಮೈದ ಶಿವಾಲಯದ ಫೋಟೊಗಳನ್ನು ಸ್ಟೇಟಸ್ಸಿಗೆ ಹಾಕಿದ. ಇಣುಕಿ ನೋಡಿದೆ. ಕೆಳಗೆ "ಹಳೇಬೀಡು" ಎಂದಿತ್ತು.

"ಅರಸೀಕೆರೆ ಅಂತ ಹಾಕೋ ಮಾರಾಯ" ಎಂದೆ.

"ಹಾಕಿದ್ದೆ ಭಾವ. ರೈಲು ತಪ್ಪಿಹೋಯ್ತಾ ಅಂತ ಆಗ್ಲೇ ನಾಲ್ಕು ಜನ ಕೇಳಿದ್ರು."