ಸಿಡಿಲಫಡಿಯ ಹೆಲ್ಮೆಟ್

(ಬಾದಾಮಿಯಾಚೆ ಕುರುಚಲು ದಾಟಿದರೆ ಸಿಡಿಲಫಡಿ, ಆದಿಮಾನವರ ಚಿತ್ರಗಳಿರುವ ಬಂಡೆ. ನೆತ್ತಿ ಸುಡುವ ಬಿಸಿಲು. ಚನ್ನಗಿರಿಯ ಹಾಲೇಶ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದಾನೆ. ಜಗಳೂರಿನ ತಿಪ್ಪಣ್ಣ ಬಂಡೆಗೆ ಬೆನ್ನು ಕೊಟ್ಟು ಮಂಡಕ್ಕಿ ಗಂಟು ಬಿಚ್ಚಿದ್ದಾರೆ.)

ಹಾಲೇಶ: ಮಾವ, ಅಗೋ ನೋಡಿ! ಕೆಂಪು ಗೊಂಬೆ. ತಲೆ ದುಂಡಗೈತೆ, ಕಣ್ಣಿಲ್ಲ, ಮೂಗಿಲ್ಲ. ಹೆಲ್ಮೆಟ್ ಅದು. ಏಲಿಯನ್!

ತಿಪ್ಪಣ್ಣ: ತಲೆ ದುಂಡಗಿರದೆ ಚೌಕಾಗಿರುತ್ತೇನೋ? ನಿನ್ನ ಮಗಳು ಸ್ಲೇಟಿನ ಮೇಲೆ ನಿನ್ನ ಚಿತ್ರ ಬರೆದಿದ್ಲಲ್ಲ, ಅದಕ್ಕೂ ಮೂಗಿರಲಿಲ್ಲ. ನೀನೂ ಮಂಗಳ ಗ್ರಹದಿಂದ ಇಳಿದೋನಾ?

ಹಾಲೇಶ: ತಮಾಷೆ ಬೇಡ ಮಾವ. ಯೂಟ್ಯೂಬ್‌ನಾಗೆ ಪ್ರೂಫ್ ಐತೆ. ಆಲ್ಜೀರಿಯಾದ ಮರುಭೂಮಿಯಾಗೆ ತಸ್ಸಿಲಿ ಅಂತ ಜಾಗ. ಇಂಥದೇ ಮರಳುಗಲ್ಲು, ಇಂಥದೇ ದುಂಡು ತಲೆ.

ತಿಪ್ಪಣ್ಣ: ಹೂಂ. ಫ್ರಾನ್ಸಿನ ಆನ್ರಿ ಲೋತ್ 1950ರ ದಶಕದಾಗೆ ಅಲ್ಲಿಗೆ ಹೋಗಿ, ಒಂದು ಗೊಂಬೆಗೆ ‘ಮಂಗಳದ ದೊಡ್ಡ ದೇವರು’ ಅಂತ ಅಡ್ಡಹೆಸರಿಟ್ಟ. ಸ್ವಿಟ್ಜರ್ಲೆಂಡಿನ ಡಾನಿಕೆನ್ ಅನ್ನೋ ಹೋಟೆಲ್ ಮ್ಯಾನೇಜರು 1968ರಾಗೆ, ದೇವರುಗಳೆಲ್ಲ ಆಕಾಶದಿಂದ ಬಂದ ಗಗನಯಾತ್ರಿಗಳೇ ಅಂತ ಪುಸ್ತಕ ಬರೆದ.

ಹಾಲೇಶ: ಹೋಟೆಲ್ ಮ್ಯಾನೇಜರಾ?

ತಿಪ್ಪಣ್ಣ: ನಮ್ಮ ದಾವಣಗೆರೆಯಾಗೆ ಬೆಣ್ಣೆದೋಸೆ ಹಾಕೋರು ಇನ್ನೂ ಬರೆದಿಲ್ಲ. ಅವರಿಗೆ ಪುರುಸೊತ್ತಿಲ್ಲ.

ಹಾಲೇಶ: ಹಂಗಾದ್ರೆ ಮೇಲೆ ಎರಡು ತೂತು ಐತಲ್ಲ? ಅಲ್ಲಿಂದಲೇ ಇಳಿದಿರೋದು.

ತಿಪ್ಪಣ್ಣ: ಸಿಡಿಲು ಹೊಡೆದ ತೂತು ಅಂತಾರೆ ಈ ಕಡೆ ಜನ. ಅದಕ್ಕೇ ಈ ಹೆಸರು. ನನ್ನ ಕೇಳಿದ್ರೆ ಗಾಳಿ-ಮಳೆ ತಿಂದದ್ದು. ಕೋಟ್ಯಂತರ ವರ್ಷದ ಹಿಂದೆ ನೀರು ತಂದು ಹಾಸಿದ ಮರಳಲ್ವೇನೋ ಇದು? ಸರಿ, ಇಳಿದ್ರು ಅನ್ನು. ಎಷ್ಟು ಜನ?

ಹಾಲೇಶ: ಇಬ್ರು ಕಾಣ್ತಾರೆ.

ತಿಪ್ಪಣ್ಣ: ಹಿಂದೆ ಕೂತೋನಿಗೂ ಹೆಲ್ಮೆಟ್ ಐತಾ?

ಹಾಲೇಶ: ಐತೆ.

ತಿಪ್ಪಣ್ಣ: ಐಎಸ್‌ಐ ಮಾರ್ಕ್?

ಹಾಲೇಶ: ಮಾವ!

ತಿಪ್ಪಣ್ಣ: ಅಲ್ಲ, ನ್ಯಾಮತಿಗೆ ಬೀಗರೂಟಕ್ಕೆ ಹೋಗ್ತಾ ಹೊನ್ನಾಳಿಯಾಗೆ 500 ರೂಪಾಯಿ ದಂಡ ಕಟ್ಟಿದೋನು ನೀನು. ಕೋಟಿ ಮೈಲಿಯಿಂದ ಬಂದೋರು ಹೆಲ್ಮೆಟ್ ಹಾಕ್ತಾರೆ, ಚನ್ನಗಿರಿಯಿಂದ ಹೊರಟೋನು ಹಾಕಲ್ಲ. ಬಕಲ್ ಬಿಗಿದವ್ರಾ ನೋಡು.

ಹಾಲೇಶ: ಬಕಲ್ ಮಸುಕಾಗೈತೆ.

ತಿಪ್ಪಣ್ಣ: ದಂಡ ಬೀಳುತ್ತೆ ಅವರಿಗೂ.

ಹಾಲೇಶ: ಇಷ್ಟು ವರ್ಷ ಮಾಸದ ಬಣ್ಣ ಭೂಮಿ ಮೇಲೆ ಎಲ್ಲೈತೆ, ಅದನ್ನ ಹೇಳಿ.

ತಿಪ್ಪಣ್ಣ: ನಿಮ್ಮಜ್ಜಿ ಹಬ್ಬಕ್ಕೆ ಗೋಡೆಗೆ ಬಳೀತಿದ್ಲಲ್ಲ, ಆ ಕೆಮ್ಮಣ್ಣು. ಕಬ್ಬಿಣದ ತುಕ್ಕು ಕಣೋ. ಆಗ್ಲೇ ತುಕ್ಕು ಹಿಡಿದಿರೋದಕ್ಕೆ ಬಿಸಿಲು ಇನ್ನೇನು ಮಾಡುತ್ತೆ? ಬಂಡೆ ಬೇರೆ ಸೂರಿನಂಗೆ ಚಾಚೈತೆ, ಮಳೆ ತಾಗಲ್ಲ.

ಹಾಲೇಶ: ಕಾಡುಜನಕ್ಕೆ ಅಷ್ಟು ಬುದ್ಧಿ ಎಲ್ಲಿತ್ತು ಮಾವ?

ತಿಪ್ಪಣ್ಣ: (ಮಂಡಕ್ಕಿ ಕೆಳಗಿಟ್ಟು) ಇದೇ ನಂಗೆ ಉರಿಯೋದು! ಮೈಕೆಲಾಂಜೆಲೊ ಚರ್ಚಿನ ಸೂರಿಗೆ ಬಣ್ಣ ಹಚ್ಚಿದ್ರೆ ಮನುಷ್ಯ. ಆಫ್ರಿಕಾದೋನೋ ಬಾದಾಮಿಯೋನೋ ಬಂಡೆಗೆ ಹಚ್ಚಿದ್ರೆ, ಕೈ ಹಿಡಿದು ಬರೆಸಾಕೆ ಮೇಲಿಂದ ಯಾರೋ ಇಳೀಬೇಕು. ಬಾದಾಮಿ ಮೂರನೇ ಗುಹೆ ನೋಡಿದ್ವಲ್ಲ, ಅದಕ್ಕೆ ಚಾಲುಕ್ಯ ಮಂಗಳೇಶ 578ರಾಗೆ ಶಾಸನ ಹಾಕಿಸಿ ತೇದಿ ಬರೆಸಿದ. ಅದಕ್ಕೇ ಬಚಾವು. ಇಲ್ದಿದ್ರೆ ಅದೂ ನಿನ್ನ ಹೆಲ್ಮೆಟ್‌ನೋರ ಖಾತೆಗೆ ಹೋಗಿರೋದು.

ಹಾಲೇಶ: ಏನಂದ್ರಿ? ಮಂಗಳೇಶ? ಮಂಗಳದ ಈಶ! ಹೆಸರಾಗೇ ಐತಲ್ಲ ಮಾವ!

(ತಿಪ್ಪಣ್ಣ ನೀರು ಕುಡಿಯುತ್ತಾರೆ. ಬಾಟಲಿ ಪೂರ್ತಿ ಖಾಲಿ.)

ತಿಪ್ಪಣ್ಣ: ನಿಮ್ಮ ಸೂಳೆಕೆರೆ ಕಟ್ಟಿದ್ಯಾರು?

ಹಾಲೇಶ: ನಮ್ಮೋರೇ! ಅದ್ರ ಸುದ್ದಿಗೆ ಬರಬೇಡಿ.

ತಿಪ್ಪಣ್ಣ: ಓಹೋ. ಎರಡು ಗುಡ್ಡದ ನಡುವೆ ಏರಿ ಹಾಕಿ ಹೊಳೆ ನಿಲ್ಲಿಸಾಕೆ ನಿಮ್ಮೋರು ಸಾಕು, ದುಂಡಗೆ ಒಂದು ತಲೆ ಬರೆಯಾಕೆ ಮಾತ್ರ ರಾಕೆಟ್ ಬೇಕು.

ಹಾಲೇಶ: ...ಬಿಸಿಲು ಜಾಸ್ತಿ ಆತು. ಇಳಿಯೋಣ ನಡೀರಿ.

(ಊರೊಳಗೆ, ಬೈಕ್ ಬಳಿ.)

ಹಾಲೇಶ: ಮಾವ, ನನ್ನ ಹೆಲ್ಮೆಟ್! ಕನ್ನಡಿಗೆ ನೇತಾಕಿದ್ದೆ!

ತಿಪ್ಪಣ್ಣ: ಹಾಕ್ಕೊಳ್ಳೋದು ಬಿಟ್ಟು ನೇತಾಕ್ತೀಯಾ? ಬೇವಿನ ಮರದ ಮೇಲೆ ನೋಡು.

ಹಾಲೇಶ: ಅಯ್ಯೋ, ಕೋತಿ! ಲೇ, ಕೊಡೋ! ಎರಡು ಸಾವಿರ ಕೊಟ್ಟಿದೀನಿ ಅದಕ್ಕೆ! ಏನಾದ್ರೂ ಮಾಡಿ ಮಾವ.

ತಿಪ್ಪಣ್ಣ: ತಡಿಯೋ, ಕೂಗಬ್ಯಾಡ. ಬಕಲ್ ಹಾಕ್ಕೊಳ್ತೈತೆ.